ಸಣ್ಣ ಸಪ್ಲಿಮೆಂಟ್ ಬ್ರ್ಯಾಂಡಿಗೆ ಫಿಟ್‌ನೆಸ್ ಎಕ್ಸ್‌ಪೋ ಮಳಿಗೆ ಈಗಲೂ ಗಿಟ್ಟುತ್ತದೆಯೇ?

ಪ್ರಶ್ನೆ: ಶಿವಮೊಗ್ಗದ ಉದ್ಯಮಿ

ಸ್ನೇಹಿತರು ಸೇರಿ ಸಣ್ಣದೊಂದು ವೇ ಪ್ರೋಟೀನ್ (ಹಾಲೊಡಕಿನಿಂದ ತೆಗೆದ ಪ್ರೋಟೀನ್ ಪುಡಿ) ಬ್ರ್ಯಾಂಡ್ ನಡೆಸುತ್ತಿದ್ದೇವೆ. ಪುಡಿಯನ್ನು ಹೊರಗಿನ ಕಾರ್ಖಾನೆಯೊಂದರಲ್ಲಿ ಮಾಡಿಸಿ, ಭದ್ರಾವತಿ, ಸಾಗರ, ತೀರ್ಥಹಳ್ಳಿಗಳ ಜಿಮ್‌ಗಳಿಗೆ ಕೊಡುತ್ತೇವೆ. ಮುಂಬೈಯ ಎಕ್ಸ್‌ಪೋದಲ್ಲಿ ಮಳಿಗೆ ಹಾಕಬೇಕೆಂಬುದು ಪಾಲುದಾರರೊಬ್ಬರ ಒತ್ತಾಯ. ಬಾಡಿಗೆ, ಅಲಂಕಾರ, ಸ್ಯಾಂಪಲ್, ಪ್ರಯಾಣ ಎಲ್ಲ ಸೇರಿದರೆ ವರ್ಷದ ಪ್ರಚಾರದ ಹಣ ಅದೊಂದಕ್ಕೇ ಮುಗಿಯುತ್ತದೆ. ಅನುಭವಸ್ಥರು ಏನು ಹೇಳುತ್ತೀರಿ?

ಉತ್ತರ: ಸಗಟು ವಿತರಕ

1985ರಲ್ಲಿ ಜರ್ಮನಿಯಲ್ಲಿ ಶುರುವಾದ ಫಿಬೊ ಫಿಟ್‌ನೆಸ್ ಮೇಳವಾಗಲಿ, 1989ರಿಂದ ಅಮೆರಿಕದ ಕೊಲಂಬಸ್‌ನಲ್ಲಿ ನಡೆಯುತ್ತಿರುವ ದೇಹದಾರ್ಢ್ಯದ ಆರ್ನಾಲ್ಡ್ ಉತ್ಸವವಾಗಲಿ ಬೆಳೆದದ್ದು, ಪತ್ರಿಕೆಯ ಜಾಹೀರಾತು ಮತ್ತು ಅಂಗಡಿಯ ಕಪಾಟು ಬಿಟ್ಟರೆ ಗ್ರಾಹಕರನ್ನು ಮುಟ್ಟಲು ಹೆಚ್ಚಿನ ದಾರಿಗಳಿಲ್ಲದ ಕಾಲದಲ್ಲಿ. ಆಗ ಮಳಿಗೆಯಲ್ಲಿ ವಿತರಕರು ಕುಳಿತು ಆರ್ಡರ್ ಬರೆಸುತ್ತಿದ್ದರು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಆರ್ನಾಲ್ಡ್ ಉತ್ಸವದ ಎಕ್ಸ್‌ಪೋ ರದ್ದಾದಾಗ, ಮಳಿಗೆಯಿಲ್ಲದೆ ಮಾರುವುದನ್ನು ಎಲ್ಲರೂ ಕಲಿಯಲೇಬೇಕಾಯಿತು. ಈಗ ಮಳಿಗೆಯ ಮುಂದೆ ನಿಲ್ಲುವವರಲ್ಲಿ ಹೆಚ್ಚಿನವರು ಉಚಿತ ಸ್ಯಾಂಪಲ್ಲಿಗೋ, ಇನ್‌ಫ್ಲುಯೆನ್ಸರ್ ಜೊತೆಗಿನ ಸೆಲ್ಫಿಗೋ, ರಿಯಾಯಿತಿಗೋ ಬಂದವರು. ರಿಯಾಯಿತಿಗೆ ಕೊಂಡವರು ಮುಂದಿನ ಡಬ್ಬಿಯನ್ನು ಆನ್‌ಲೈನ್‌ನಲ್ಲಿ ಯಾವುದು ಅಗ್ಗವೋ ಅದನ್ನೇ ಕೊಳ್ಳುತ್ತಾರೆ. ದೊಡ್ಡ ಕಂಪನಿಗೆ ಅಲ್ಲಿ ತೆಗೆದ ವಿಡಿಯೊಗಳೇ ತಿಂಗಳುಗಟ್ಟಲೆ ಜಾಹೀರಾತಾಗುತ್ತವೆ. ನಿಮ್ಮಲ್ಲಿ ಅದಕ್ಕೆ ಜನರಿದ್ದಾರೆಯೇ?

ಉತ್ತರ: ಭದ್ರಾವತಿಯ ತರಬೇತುದಾರ

ಎಕ್ಸ್‌ಪೋ ನೋಡಿ ಪ್ರೋಟೀನ್ ಆರಿಸಿದವರು ನಮ್ಮ ಜಿಮ್‌ನಲ್ಲಿ ಯಾರೂ ಇಲ್ಲ. ಬರುವವರು ಮೊದಲು ಅಸಲಿಯೋ ನಕಲಿಯೋ ಎಂದು ಕೇಳುತ್ತಾರೆ. ಆಮೇಲೆ, ಅಡಿಕೆ ಮಾರಿದ ಮೇಲೆ ಹಣ ಕೊಡಬಹುದೇ ಎಂದು. (ಈ ಎರಡನೆಯದಕ್ಕೆ ಮುಂಬೈಯಲ್ಲಿ ಉತ್ತರ ಸಿಗಲಾರದು.) ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿಯ ಪುಡಿ ತೇವ ಹೀರಿ ಗಂಟುಕಟ್ಟುತ್ತದೆ. ಆ ಹಣದಲ್ಲಿ ಒಂದೊಂದು ಹೊತ್ತಿಗಾಗುವ ಪೊಟ್ಟಣ ಮಾಡಿಸಿ ಜಿಮ್‌ಗಳಿಗೆ ಹಂಚಿದರೆ ಈ ತೊಂದರೆಯೂ ತಪ್ಪುತ್ತದೆ, ರುಚಿಯೂ ಪರಿಚಯವಾಗುತ್ತದೆ.

ಉತ್ತರ: ಆಹಾರ ತಂತ್ರಜ್ಞೆ, ಸಾಗರ

ಎಕ್ಸ್‌ಪೋಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ದೇಹದಾರ್ಢ್ಯ ಸ್ಪರ್ಧೆಯ ಸುತ್ತ ನಡೆಯುವ ಜಾತ್ರೆ ಬೇರೆ. ಕಚ್ಚಾವಸ್ತು ಪೂರೈಸುವವರು, ಬೇರೆಯವರ ಬ್ರ್ಯಾಂಡಿಗೆ ತಯಾರಿಸಿಕೊಡುವ ಕಾರ್ಖಾನೆಗಳು ಸೇರುವ ಮುಂಬೈಯ ವಿಟಾಫುಡ್ಸ್ ಇಂಡಿಯಾದಂಥ ಮೇಳ ಬೇರೆ. ನಿಮಗೆ ಬೇಕಾದದ್ದು ಎರಡನೆಯದು, ಅದೂ ಮಳಿಗೆ ಹಾಕದೆ ಸಂದರ್ಶಕರಾಗಿ. ಅಲ್ಲಿ ಪ್ರತಿ ಬ್ಯಾಚಿನ ಪರೀಕ್ಷಾ ವರದಿಯನ್ನು ಯಾರು ಕೊಡುತ್ತಾರೆಂದು ಕೇಳಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2024ರಲ್ಲಿ ಕೇರಳದ ವೈದ್ಯರು ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳ ಪೈಕಿ ಸುಮಾರು 70 ಶೇಕಡಾದಷ್ಟರಲ್ಲಿ ಲೇಬಲ್ಲಿನ ಪ್ರೋಟೀನ್ ಪ್ರಮಾಣ ನಿಜವಾದದ್ದಕ್ಕೆ ಹೊಂದಲಿಲ್ಲ. ಸಾಮಾನ್ಯ ಪರೀಕ್ಷೆಯು ಸಾರಜನಕವನ್ನು ಅಳೆದು ಪ್ರೋಟೀನ್ ಎಷ್ಟೆಂದು ಲೆಕ್ಕಹಾಕುವುದರಿಂದ, ಸಾರಜನಕವಿರುವ ಗ್ಲೈಸಿನ್ ಅಥವಾ ಟೌರಿನ್ ಎಂಬ ಅಗ್ಗದ ಅಮೈನೊ ಆಮ್ಲ ಬೆರೆಸಿದರೂ ಅಂಕಿ ಏರುತ್ತದೆ. ಆದ್ದರಿಂದ ಯಾವ ಅಮೈನೊ ಆಮ್ಲ ಎಷ್ಟಿದೆ ಎಂಬ ಪ್ರತ್ಯೇಕ ವರದಿಯನ್ನೇ ಕೇಳಬೇಕು.

ಪ್ರಶ್ನೆ ಕೇಳಿದವರು

ಈ ವರ್ಷ ಮಳಿಗೆ ಬೇಡವೆಂದು ಪಾಲುದಾರರನ್ನು ಒಪ್ಪಿಸುತ್ತೇನೆ. ಒಬ್ಬರು ಮಾತ್ರ ಸಂದರ್ಶಕರಾಗಿ ಹೋಗಿ ಬರುತ್ತೇವೆ. ಪೊಟ್ಟಣಗಳಿಗೆ ಕಾರ್ಖಾನೆಯವರು ಕನಿಷ್ಠ ಆರ್ಡರ್ ಎಷ್ಟು ಕೇಳುತ್ತಾರೆಂದು ವಿತರಕರು ತಿಳಿಸಿದರೆ ಉಪಕಾರವಾಗುತ್ತದೆ.