ಅಪ್‌ಡೇಟ್: ಕಾಂಟ್ರಾಕ್ಟ್ ಮೇಲೆ ಲಾಯರ್ ಸಿಕ್ರು
ಹೋದ ವಾರ ಕೇಳಿದ್ನಲ್ಲ, ಒಂದೇ ಕೇಸಿಗೆ ರಾಶಿ ಡಾಕ್ಯುಮೆಂಟ್ ಬಂದು ಬಿದ್ದಿದೆ, ಪರ್ಮನೆಂಟಾಗಿ ಜೂನಿಯರ್ ಇಟ್ಕೊಳ್ಳೋಷ್ಟು ಕೆಲಸ ಇಲ್ಲ, ಕಾಂಟ್ರಾಕ್ಟ್ ಮೇಲೆ ಲಾಯರ್ ತಗೊಳ್ಳೋದು ಹೇಗೆ ಅಂತ. ಇಂಟರ್‌ವ್ಯೂ ಬಿಡಿ, ದುಡ್ಡು ಕೊಟ್ಟೇ ಒಂದು ಸಣ್ಣ ಡ್ರಾಫ್ಟ್ ಮಾಡ್ಸಿ ನೋಡಿ ಅಂದಿದ್ರಲ್ಲ, ಅದೇ ವರ್ಕ್ ಆಗಿದ್ದು. ರೆಸ್ಯೂಮೆಲಿ ಮಿಂಚ್ತಿದ್ದವರು ಡ್ರಾಫ್ಟಲ್ಲಿ ಎಡವಿದ್ರು, ನಾಲ್ಕು ವರ್ಷ ಗ್ಯಾಪ್ ಇದ್ದ ಮೇಡಂ ಒಬ್ರು ಎಷ್ಟು ನೀಟಾಗಿ ಬರ್ಕೊಟ್ರು ಅಂತೀರಾ! ಕಡಿಮೆ ರೇಟ್‌ನವರನ್ನ ತಗೊಳ್ಳಿ ಅನ್ನೋ ಸಲಹೆ ಮಾತ್ರ ಕೈ ಕೊಡ್ತು, ಅವ್ರ ಕೆಲಸ ನಾನೇ ಮತ್ತೆ ಮಾಡ್ಬೇಕಾಯ್ತು. ನಂಗೆ ಹೊಳೆದೇ ಇರದಿದ್ದ ವಿಷ್ಯ ಕಾನ್‌ಫ್ಲಿಕ್ಟ್ ಚೆಕ್, ಅಂದ್ರೆ ಬರೋ ಲಾಯರ್‌ಗೆ ಎದುರು ಪಾರ್ಟಿ ಜೊತೆ ನಂಟು ಇದ್ಯಾ ಅಂತ ನೋಡೋದು. ಬಂದವರಲ್ಲಿ ಇನ್ನೊಬ್ರು ಮುಂಚೆ ಎದುರು ಪಾರ್ಟಿಗೇ ಕೆಲಸ ಮಾಡಿದ್ರಂತೆ, ಫೈಲ್ ತೋರ್ಸೋಕೆ ಮೊದ್ಲೇ ಕೇಳಿದ್ದಕ್ಕೆ ಬಚಾವ್. ಮೇಡಂ ಮುಂದಿನ ಕೇಸಿಗೂ ಒಪ್ಕೊಂಡಿದ್ದಾರೆ, ಆದ್ರೂ ಸೈನ್ ನಂದಲ್ವಾ, ಪ್ರತಿ ಪೇಜೂ ಓದ್ತಾ ಇದೀನಿ.