ಸಹಾಯ ಬೇಕು: ಸೀಲ್ಡ್ ಡೆಕ್‌ಗೆ ಮೂರನೇ ಬಣ್ಣ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯ ಕೌಲ್ ಬಜಾರ್ ಕಡೆಯವನು. ಮ್ಯಾಜಿಕ್ ದ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟ ಆಡಲು ಶುರು ಮಾಡಿ ಒಂದು ವರ್ಷ ಆಯಿತು. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಸೀಲ್ಡ್ ಟೂರ್ನಮೆಂಟ್ ಇದೆ. ಹಂಪಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಕೂಡ ಆಗಿದೆ.

ಸೀಲ್ಡ್ ಅಂದರೆ ಒಡೆಯದ ಆರು ಪ್ಯಾಕ್ ಕಾರ್ಡ್ ಕೊಡುತ್ತಾರೆ, ಅದರಿಂದ ಕನಿಷ್ಠ 40 ಕಾರ್ಡಿನ ಡೆಕ್ (ಆಡುವ ಕಟ್ಟು) ಕಟ್ಟಬೇಕು. 17 ಲ್ಯಾಂಡ್ (ಕಾರ್ಡ್ ಆಡಲು ಬೇಕಾದ ಆಯಾ ಬಣ್ಣದ ಮಾನಾ, ಅಂದರೆ ಶಕ್ತಿ, ಕೊಡುವ ಕಾರ್ಡ್), 23 ಬೇರೆ ಕಾರ್ಡ್ ಅನ್ನೋ ಲೆಕ್ಕ ಗೊತ್ತು. ನನ್ನ ತೊಡಕು ಬೇರೆ.

ಹೋದ ಭಾನುವಾರ ಗೆಳೆಯರು ಸೇರಿ ಮನೆಯಲ್ಲೇ ಪ್ಯಾಕ್ ಒಡೆದು ಆಡಿದೆವು. ನನಗೆ ಕೆಂಪು, ಹಸಿರು ಕಾರ್ಡ್ ಚೆನ್ನಾಗಿ ಬಂದಿದ್ದವು. ಆದರೆ ಒಂದು ದೊಡ್ಡ ಕಪ್ಪು ಡ್ರ್ಯಾಗನ್ ಸಿಕ್ಕಿತು, ಆಸೆ ತಡೆಯಲಾಗಲಿಲ್ಲ. ಅದೊಂದಕ್ಕೋಸ್ಕರ ಮೂರು ಸ್ವಾಂಪ್ (ಕಪ್ಪು ಮಾನಾ ಕೊಡುವ ಲ್ಯಾಂಡ್) ತುರುಕಿದೆ. ಮೊದಲ ಆಟದಲ್ಲೇ ಕೈಗೆ ಎರಡು ಸ್ವಾಂಪ್, ಒಂದು ಮೌಂಟನ್ (ಕೆಂಪು ಮಾನಾದ ಲ್ಯಾಂಡ್), ಉಳಿದದ್ದೆಲ್ಲ ಹಸಿರು ಕಾರ್ಡ್! ಐದನೇ ಟರ್ನ್‌ವರೆಗೆ ಸುಮ್ನೆ ಕೂತೆ. ಡ್ರ್ಯಾಗನ್ ದರ್ಶನವೇ ಆಗಲಿಲ್ಲ. ಎದುರಿನವನು ಎರಡು ಮಾನಾ ಖರ್ಚಿನ ಚಿಲ್ಲರೆ ಕ್ರೀಚರ್ (ದಾಳಿ ಮಾಡುವ ಜೀವಿ) ಕಾರ್ಡ್‌ಗಳಿಂದಲೇ ನನ್ನ 20 ಲೈಫ್ ಮುಗಿಸಿ, ಮೇಲೆ ನನ್ನ ಪಾಲಿನ ಮಿರ್ಚಿಯನ್ನೂ ತಿಂದ.

ಅನುಭವ ಇದ್ದವರು ಹೇಳಿ. ಮೂರನೇ ಬಣ್ಣ ಯಾವಾಗ ಸೇರಿಸುತ್ತೀರಿ? ಎದುರಾಳಿಯ ಕ್ರೀಚರ್ ಕೊಲ್ಲುವ ಕಾರ್ಡ್ ಆದರೆ ಓಕೆ ಅನಿಸುತ್ತೆ, ಆದರೆ ಅದಕ್ಕೆ ಒಂದೇ ಕಪ್ಪು ಮಾನಾ ಸಾಕಾಗಬೇಕು ಅಲ್ವಾ? ನನ್ನ ಡ್ರ್ಯಾಗನ್‌ಗೆ ಎರಡು ಬೇಕಿತ್ತು, ಅಲ್ಲೇ ಎಡವಿದೆ ಅಂತ ಈಗ ಗುಮಾನಿ. ಇನ್ನೊಂದು, ಎರಡು ಮಾನಾದ ಕ್ರೀಚರ್ ಎಷ್ಟಿರಬೇಕು? ನಾನು ದೊಡ್ಡವನ್ನೇ ಜಾಸ್ತಿ ಹಾಕಿಬಿಡುತ್ತೇನೆ.

ಬಳ್ಳಾರಿ, ಹೊಸಪೇಟೆ, ಕೊಪ್ಪಳ ಕಡೆ ಆಡುವವರಿದ್ದರೆ ಈ ಭಾನುವಾರ ಬನ್ನಿ. ಇನ್ನೂ ಆರು ಪ್ಯಾಕ್ ಒಡೆಯದೆ ಇಟ್ಟಿದ್ದೇನೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ ನನ್ನ ಲೆಕ್ಕದಲ್ಲಿ.