ಪೆಂಟಿಯಮ್ ಡಿ 820, ಕೋರ್ 2 ಡ್ಯುಯೋ ಇ6300: ಯಾವುದನ್ನು ಉಳಿಸಿಕೊಳ್ಳಲಿ?

ಪ್ರಶ್ನೆ (ಗದಗ):
ನಮ್ಮ ಮುದ್ರಣಾಲಯದಲ್ಲಿ ಲಗ್ನಪತ್ರಿಕೆಗಳ ಡಿಟಿಪಿ ಕೆಲಸಕ್ಕೆ ಎರಡು ಹಳೆಯ ಕಂಪ್ಯೂಟರುಗಳಿದ್ದು, ಒಂದರಲ್ಲಿ 2.8 ಗಿಗಾಹರ್ಟ್ಸ್‌ನ ಪೆಂಟಿಯಮ್ ಡಿ 820, ಇನ್ನೊಂದರಲ್ಲಿ 1.86 ಗಿಗಾಹರ್ಟ್ಸ್‌ನ ಕೋರ್ 2 ಡ್ಯುಯೋ ಇ6300 ಪ್ರೊಸೆಸರ್ ಇದೆ. ಅಂಕಿ ಹೆಚ್ಚಿರುವುದನ್ನೇ ಉಳಿಸಿಕೊಳ್ಳಬೇಕೆ?

ಉತ್ತರ (ಧಾರವಾಡ):
ಬೇಡ ಸರ್. ಪೆಂಟಿಯಮ್ ಡಿಯಲ್ಲಿ ಆದೇಶಗಳು ಹಂತಹಂತವಾಗಿ ಸಾಗುವ ದಾರಿಯಾದ ಪೈಪ್‌ಲೈನ್ 31 ಹಂತಗಳಷ್ಟು ಉದ್ದವಾಗಿರುವುದರಿಂದ, ಮುಂದಿನ ಆದೇಶದ ಬಗೆಗಿನ ಅದರ ಊಹೆ ತಪ್ಪಿದಾಗಲೆಲ್ಲ ಅರೆಬರೆಯಾದ ಕೆಲಸವನ್ನು ಕೈಬಿಟ್ಟು ಹೊಸದಾಗಿ ತೊಡಗಬೇಕಾಗುತ್ತದೆ. ಕೋರ್ 2ರಲ್ಲಿ ಇರುವುದು 14 ಹಂತಗಳು ಮಾತ್ರ, ಮೇಲಾಗಿ ಅದರ ಎರಡೂ ಗಣನಾ ಘಟಕಗಳು, ಅಂದರೆ ಕೋರ್‌ಗಳು 2 ಎಂಬಿ ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಅನ್ನು ಹಂಚಿಕೊಳ್ಳುತ್ತವೆ. ಗಿಗಾಹರ್ಟ್ಸ್ ಕಡಿಮೆಯಿದ್ದರೂ ಕೆಲಸ ಬೇಗ ಮುಗಿಯುತ್ತದೆ.

ಉತ್ತರ (ಹಾವೇರಿ):
ಶಾಖದ ಲೆಕ್ಕವನ್ನೂ ನೋಡಿರಿ. 2005ರ ಪೆಂಟಿಯಮ್ ಡಿ 820ಕ್ಕೆ 95 ವ್ಯಾಟ್, 2006ರ ಇ6300ಕ್ಕೆ 65 ವ್ಯಾಟ್ ನಿಗದಿಯಾಗಿದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ, ಅದೂ ಲಗ್ನದ ಹಂಗಾಮಿನಲ್ಲಿ, ಇದು ಸಣ್ಣ ಅಂತರವಲ್ಲ.